ಬೆಕ್ಕುಗಳ ಹದ್ದುಬಸ್ತು

ಜೂನ್ 1, ಭಾನುವಾರ

ಹೆಂಡತಿ ಕಮಲಾಕ್ಷಮ್ಮ ಬೆಳಗಿನ ಬಸ್ಸಿಗೆ ಪಾವಗಡಕ್ಕೆ ಹೋದಳು. ಮಗಳು ಮಂಜುಶ್ರೀಯ ಬಾಣಂತನ. ಎರಡು ತಿಂಗಳು ನನಗೆ ನನ್ನ ಅಡುಗೆಯೇ ಗತಿ. ಮೂವತ್ತನಾಲ್ಕು ವರ್ಷ ಸರ್ವೆಯರ್ ಆಗಿದ್ದವನು ದಿನಾ ಏನಾದರೂ ಬರೆಯದಿದ್ದರೆ ಊಟ ಸೇರುವುದಿಲ್ಲ. ಹಳೆಯ ಫೀಲ್ಡ್ ಬುಕ್ಕಿನಲ್ಲಿ ಖಾಲಿ ಹಾಳೆಗಳಿದ್ದವು, ಅದರಲ್ಲೇ ಬರೆಯುತ್ತಿದ್ದೇನೆ. ಯಾರೂ ಓದಬೇಕಾಗಿಲ್ಲ.

ಹೋಗುವ ಮುಂಚೆ ಅವಳು ಕೊಟ್ಟ ಅಪ್ಪಣೆಗಳಲ್ಲಿ ಗಿಡಕ್ಕೆ ನೀರು ಒಂದು, ಗ್ಯಾಸ್ ಆರಿಸುವುದು ಒಂದು, ಉಳಿದವೆಲ್ಲ ಬೆಕ್ಕಿನದು. ಬೆಕ್ಕಿನ ಹೆಸರು ಶಿರಸ್ತೇದಾರ. ಯಾವ ಕಾಗದ ಹರಡಿದರೂ ಅದರ ಮೇಲೆ ಬಂದು ಕೂರುತ್ತಾನೆ, ಕೈಗೆ ಏನಾದರೂ ಇಟ್ಟ ಹೊರತು ಏಳುವುದಿಲ್ಲ. ನನಗೂ ಅವನಿಗೂ ಅಂಥ ಬಳಕೆಯಿಲ್ಲ. "ಅವನಿಗೇನಾದ್ರೂ ಆದ್ರೆ ನಾನು ಪಾವಗಡದಲ್ಲೇ ಇದ್ಬುಡ್ತೀನಿ, ನೋಡಿ" ಎಂದು ಬಸ್ಸಿನ ಕಿಟಕಿಯಿಂದ ಹೇಳಿದಳು. ನನಗೇನಾದರೂ ಆದರೆ ಏನು ಮಾಡುತ್ತಾಳೆಂದು ಹೇಳಲಿಲ್ಲ.

ಬಸ್ಸು ಹೊರಟ ಮೇಲೆ ಇನ್ನೊಂದು ವಿಷಯವನ್ನು ಫೋನಿನಲ್ಲಿ ತಿಳಿಸಿದಳು. ಮಂಗಳವಾರ ನನ್ನ ತಂಗಿ ಪುಷ್ಪಾವತಿ ಮದಲೂರಿನಿಂದ ಬರುತ್ತಾಳಂತೆ. ಕಣ್ಣಿನ ಪೊರೆಯ ಆಪರೇಷನ್ನು ಶಿರಾದಲ್ಲೇ ಆಗಬೇಕು, ಆಮೇಲೆ ಒಂದು ತಿಂಗಳು ಇಲ್ಲೇ ಇರಬೇಕು. ಎಲ್ಲ ಇವಳದೇ ಏರ್ಪಾಡು. ಪುಷ್ಪಾವತಿಗೂ ನನಗೂ ಹದಿನಾಲ್ಕು ವರ್ಷದಿಂದ ಮಾತಿಲ್ಲ. ಕಾರಣವನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ನನ್ನ ಅಳತೆ ಸರಿಯಾಗಿತ್ತು.

ಜೂನ್ 3, ಮಂಗಳವಾರ

ಬಂದಳು. ಒಂದು ಕೈಯಲ್ಲಿ ಬಟ್ಟೆ ಚೀಲ, ಇನ್ನೊಂದು ಕೈಯಲ್ಲಿ ಸೀರೆ ಬಿಗಿದ ಬಿದಿರಿನ ಬುಟ್ಟಿ. ಬುಟ್ಟಿಯೊಳಗೆ ಬೆಕ್ಕು! ಹೆಸರು ಕೆಂಚಿ, ಮೈಯೆಲ್ಲ ಕೆಂಚು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಎಂದು ತಂದಿದ್ದಾಳೆ. ಅವಳ ಗಂಡ, ನಮ್ಮ ಬಾವ, ತೀರಿಕೊಂಡ ಮೇಲೆ ಅವಳಿಗೆ ಅದೇ ಜೊತೆ, ಅದು ಸರಿ. ಆದರೆ ಒಂದು ಮಾತು ಕೇಳಬಾರದೇ?

ಹೇಗೆ ಕೇಳುತ್ತಾಳೆ? ನನ್ನ ಜೊತೆ ಮಾತೇ ಇಲ್ಲವಲ್ಲ. ನಾನು ಕಾಫಿ ತಂದಿಟ್ಟೆ. ಅವಳು ಬುಟ್ಟಿಯ ಕಡೆ ತಿರುಗಿ, "ಲೇ ಕೆಂಚಿ, ಸರ್ವೇರ್ ಸಾಹೇಬ್ರಿಗೆ ಹೇಳ್ಬುಡು, ಸಕ್ರೆ ಜಾಸ್ತಿ ಆಗೈತೆ" ಎಂದಳು. ಮೊದಲೆಲ್ಲ ನನ್ನನ್ನು ಅಣ್ಣಯ್ಯ ಅನ್ನುತ್ತಿದ್ದಳು.

ನಾನೇನು ಕಡಿಮೆ? ಶಿರಸ್ತೇದಾರನ ಕಡೆ ತಿರುಗಿ, ಬೇಡವಾದರೆ ಬಿಡಲು ಹೇಳಪ್ಪ ಎಂದೆ. ಅವನು ಹೇಳುವ ಸ್ಥಿತಿಯಲ್ಲಿರಲಿಲ್ಲ. ಬಾಲ ಸೀಸೆ ತೊಳೆಯುವ ಬ್ರಷ್ಷಿನಂತೆ ಉಬ್ಬಿತ್ತು. ಕೆಂಚಿ ಬುಟ್ಟಿಯಿಂದ ಹಾರಿದಳು. ಮುಂದಿನ ಐದು ನಿಮಿಷದಲ್ಲಿ ಕ್ಯಾಲೆಂಡರ್, ಎರಡು ಲೋಟ, ನನ್ನ ಸೇವಾ ಪ್ರಶಸ್ತಿ ಕೆಳಗೆ ಬಿದ್ದವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಆ ಗಾದೆ ಕಟ್ಟಿದವನ ಮನೆಯಲ್ಲಿ ಒಂದೇ ಬೆಕ್ಕಿದ್ದಿರಬೇಕು.

ಜೂನ್ 5, ಗುರುವಾರ

ಎರಡು ದಿನದ ಯುದ್ಧದ ನಂತರ ತೀರ್ಮಾನಕ್ಕೆ ಬಂದೆ. ಜಗಳವಿದ್ದ ಕಡೆ ಪೋಡಿ ಮಾಡಬೇಕು, ಅಂದರೆ ಅಳೆದು ಪಾಲು ಬೇರೆ ಮಾಡಬೇಕು. ಗಡಿಯ ಹದ್ದು ಎಲ್ಲಿದೆ ಎಂದು ಗೊತ್ತಿಲ್ಲದಿರುವುದೇ ಎಲ್ಲ ವ್ಯಾಜ್ಯಗಳ ಮೂಲ. ಇದನ್ನು ಸಾವಿರ ಜಮೀನಿನಲ್ಲಿ ನೋಡಿದ್ದೇನೆ, ಬೆಕ್ಕಿನ ವಿಷಯದಲ್ಲಿ ಬೇರೆಯಾಗಲು ಕಾರಣವಿಲ್ಲ.

ಅಟ್ಟದಿಂದ ನನ್ನ ಹಳೆಯ ಸರಪಳಿ ಇಳಿಸಿದೆ. ಐವತ್ತು ಕೊಂಡಿ, ಮೂವತ್ತಮೂರು ಅಡಿ. ಕಳ್ಳಂಬೆಳ್ಳದ ಕೆರೆ ಏರಿಯ ಮೇಲೆ ಒಮ್ಮೆ ಟ್ರ್ಯಾಕ್ಟರ್ ಹತ್ತಿ ತುಂಡಾಗಿತ್ತು, ಕುಲುಮೆಯಲ್ಲಿ ಬೆಸೆಸಿಕೊಂಡು ನಿವೃತ್ತಿಯವರೆಗೂ ಅದರಲ್ಲೇ ಅಳೆದೆ. ಈ ಮನೆ ಕಟ್ಟಿಸುವಾಗಲೂ ಇದೇ ಸರಪಳಿ, ಆಗಿನ್ನೂ ಹೊಸದು. ಮನೆಯ ಉದ್ದ ಮುಂದಿನ ಗೋಡೆಯಿಂದ ಹಿಂದಿನ ಗೋಡೆಗೆ ಸರಿಯಾಗಿ ಒಂದು ಸರಪಳಿ ಇರಬೇಕೆಂದು ಹಟ ಹಿಡಿದು ಕಟ್ಟಿಸಿದ್ದೆ.

ಇವತ್ತು ಹಿಡಿದರೆ ಸರಪಳಿ ಹಿಂದಿನ ಗೋಡೆ ಮುಟ್ಟಲಿಲ್ಲ. ಎಂಟು ಇಂಚು ಉಳಿಯಿತು. ಮೂರು ಸಲ ಹಿಡಿದೆ, ಅಷ್ಟೇ. ಯೋಚಿಸಿದಾಗ ತಿಳಿಯಿತು: ಮನೆ ಬೆಳೆದಿದೆ. ಈ ವರ್ಷದ ಬಿಸಿಲಿಗೆ ಗೋಡೆ ಹಿಗ್ಗಿರಬೇಕು.

ನಡುಮನೆಯ ಬಾಗಿಲನ್ನು ಹದ್ದು ಎಂದು ಗೊತ್ತುಮಾಡಿ ಸುಣ್ಣದ ಗೆರೆ ಎಳೆದೆ, ನಕ್ಷೆಯನ್ನೂ ಬರೆದೆ. ಮುಂದಿನ ಭಾಗ ಶಿರಸ್ತೇದಾರನಿಗೆ, ಹಿಂದಿನ ಕೋಣೆ ಮತ್ತು ಹಿತ್ತಿಲು ಕೆಂಚಿಗೆ. ಅಡುಗೆಮನೆ ಕರಾಬು, ಯಾರ ಪಾಲಿಗೂ ಸೇರದು. ಬಚ್ಚಲಿಗೆ ಹೋಗಲು ಇಬ್ಬರಿಗೂ ಬಂಡಿದಾರಿ. ಸಾಕ್ಷಿಗೆ ಪಕ್ಕದ ಮನೆಯ ಮಕ್ಬೂಲನನ್ನು ಕರೆದೆ. ಹಾಸಿಗೆ ಅಂಗಡಿ ಇಟ್ಟಿದ್ದಾನೆ, ಗಟ್ಟಿ ಮನುಷ್ಯ. ಮಹಜರಿಗೆ ನಗದೆ ರುಜು ಹಾಕಿದ. ಹಾಕುತ್ತ, "ಸಾರ್, ಕಕ್ಷಿದಾರ್ರಿಗೆ ನೋಟೀಸ್ ಕೊಟ್ಟಿದೀರಾ?" ಎಂದು ಕೇಳಿದ. ಕಾಯಿದೆ ತಿಳಿದವನು. ನೋಟೀಸನ್ನು ಎರಡೂ ಬಟ್ಟಲುಗಳ ಪಕ್ಕ ಅಂಟಿಸಿದೆ.

ಜೂನ್ 6, ಶುಕ್ರವಾರ

ಕೆಂಚಿ ನಕ್ಷೆಯ ಮೇಲೆ ಉಚ್ಚೆ ಹೊಯ್ದಿದ್ದಾಳೆ. ಸರಿಯಾಗಿ ಹದ್ದಿನ ಗೆರೆಯ ಮೇಲೆ.

ಜೂನ್ 9, ಸೋಮವಾರ

ನಿನ್ನೆ ಬಂಡಿದಾರಿಯಲ್ಲಿ ಇಬ್ಬರೂ ಎದುರಾದರು. ಬಿಡಿಸಲು ಹೋದ ನನ್ನ ಮೊಣಕೈ ಹರಿದಿದೆ. ಶಿರಸ್ತೇದಾರ ಬೀರುವಿನ ಮೇಲೇರಿ ಕೂತವನು ಇಳಿಯಲಿಲ್ಲ, ಊಟ ಮುಟ್ಟಲಿಲ್ಲ. ಇವತ್ತು ಪಶು ಆಸ್ಪತ್ರೆಗೆ ಹೋದೆ.

ಡಾಕ್ಟರು ರಕ್ಷಾ ಎಂಬ ಹುಡುಗಿ. ಹೊರಗೆ ಕುರಿ ಎಮ್ಮೆಗಳ ಸಾಲು. ನಾನು ನಕ್ಷೆ, ಮಹಜರು ಎರಡನ್ನೂ ಮೇಜಿನ ಮೇಲಿಟ್ಟೆ. ಪೂರ್ತಿ ಓದಿದಳು. ಆಮೇಲೆ ಕಣ್ಣೊರೆಸಿಕೊಂಡಳು. ಯಾಕೆಂದು ತಿಳಿಯಲಿಲ್ಲ, ದನದ ಕೊಟ್ಟಿಗೆಯ ಧೂಳಿರಬೇಕು.

ಅವಳು ಹೇಳಿದ್ದನ್ನು ಬರೆದುಕೊಂಡಿದ್ದೇನೆ. ಬೆಕ್ಕಿಗೆ ಗೆರೆ ಕಾಣುವುದಿಲ್ಲ, ವಾಸನೆ ಕಾಣುತ್ತದೆ. ಬಾಗಿಲು ಪೂರ್ತಿ ಮುಚ್ಚಿ ಒಬ್ಬರಿಗೊಬ್ಬರು ಕಾಣದಂತೆ ಇಡಬೇಕು. ಬಟ್ಟಲು, ನೀರು, ಮರಳಿನ ತಟ್ಟೆ ಇಬ್ಬರಿಗೂ ಬೇರೆ ಬೇರೆ. ಒಬ್ಬರು ಮಲಗಿದ ಬಟ್ಟೆಯನ್ನು ಇನ್ನೊಬ್ಬರ ಹತ್ತಿರ ಹಾಕಬೇಕು. ವಾಸನೆಗೆ ಬೈಯುವುದು ನಿಂತ ಮೇಲೆ ಮುಚ್ಚಿದ ಬಾಗಿಲಿನ ಆ ಕಡೆ ಒಬ್ಬರು, ಈ ಕಡೆ ಒಬ್ಬರು, ಒಂದೇ ಹೊತ್ತಿಗೆ ಊಟ. ದಿನಾ ಬಟ್ಟಲನ್ನು ಬಾಗಿಲಿಗೆ ಒಂದೊಂದು ಗೇಣು ಹತ್ತಿರ ಮಾಡಬೇಕು. ಯಾರನ್ನೂ ಎಳೆದು ತಂದು ರಾಜಿ ಮಾಡಿಸಬಾರದು, ಗದರಬಾರದು. "ಎಷ್ಟು ದಿನ ಹಿಡಿಯುತ್ತಮ್ಮ?" ಎಂದೆ. ಕೆಲವಕ್ಕೆ ವಾರ, ಕೆಲವಕ್ಕೆ ವರ್ಷ ಎಂದಳು.

ಹಾಲನ್ನವೂ ನಿಲ್ಲಿಸಬೇಕಂತೆ. ಬೆಕ್ಕಿಗೆ ಮಾಂಸವೇ ಬೇಕು. ನಾವು ಲಿಂಗ ಕಟ್ಟಿದವರು, ಆಗದು ಎಂದೆ. ಹಾಗಾದರೆ ಅಂಗಡಿಯಲ್ಲಿ ಬೆಕ್ಕಿನ ಕಾಳು ಸಿಗುತ್ತದೆ ಎಂದಳು. ಕಾಳು ಎಂದ ಮೇಲೆ ಕಾಳು. ಪೊಟ್ಟಣದ ಹಿಂದೆ ಏನೋ ಸಣ್ಣ ಅಕ್ಷರದಲ್ಲಿ ಬರೆದಿತ್ತು, ನಾನು ಓದಲಿಲ್ಲ.

ಜೂನ್ 11, ಬುಧವಾರ

ನಿನ್ನೆ ಪುಷ್ಪಾವತಿಯ ಆಪರೇಷನ್ ಆಯಿತು. ದಿನಕ್ಕೆ ಆರು ಸಲ ಕಣ್ಣಿಗೆ ಹನಿ ಹಾಕಬೇಕು. ನಾನೇ ಹಾಕಬೇಕು, ಬೇರೆ ಯಾರಿದ್ದಾರೆ? ಅವಳು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಸೂರು ನೋಡುತ್ತಾಳೆ, ನಾನು ಸೀಸೆ ಹಿಡಿಯುತ್ತೇನೆ. ಇಬ್ಬರಿಗೂ ಮಾತಿಲ್ಲ. ನಡುವೆ ಕೆಂಚಿ ಅವಳ ತೊಡೆಯ ಮೇಲೆ ಕೂತು ನನ್ನ ಕೈಯನ್ನೇ ನೋಡುತ್ತಿರುತ್ತಾಳೆ, ಮೇಲಧಿಕಾರಿಯ ತಪಾಸಣೆ ಇದ್ದ ಹಾಗೆ.

ಅವಳ ಕಣ್ಣಿನ ಸುತ್ತ ಇಷ್ಟು ಸುಕ್ಕಿರುವುದನ್ನು ನಾನು ನೋಡಿರಲಿಲ್ಲ. ನನಗಿಂತ ಐದು ವರ್ಷ ಚಿಕ್ಕವಳು.

ಜೂನ್ 14, ಶನಿವಾರ

ಬಾಗಿಲ ಊಟ ಶುರುವಾಗಿದೆ. ಆ ಕಡೆ ಪುಷ್ಪಾವತಿ ಕೆಂಚಿಯ ಜೊತೆ, ಈ ಕಡೆ ನಾನು ಶಿರಸ್ತೇದಾರನ ಜೊತೆ. ಒಂದೇ ಹೊತ್ತಿಗೆ ಇಡಬೇಕಾದ್ದರಿಂದ ನಾನು ಬಾಗಿಲು ಒಂದು ಸಲ ತಟ್ಟುತ್ತೇನೆ, ಅವಳು ಒಂದು ಸಲ ತಟ್ಟುತ್ತಾಳೆ. ಮೊದಲ ದಿನ ಎರಡು ಕಡೆಯಿಂದಲೂ ಗುರ್ ಎಂಬ ಸದ್ದು. ಇವತ್ತು ಕಟುಕುಟು ಕಾಳು ಜಗಿಯುವ ಸದ್ದೊಂದೇ.

ಮುಗಿಯುವವರೆಗೂ ಕೂತಿರಬೇಕು. ಸುಮ್ಮನೆ ಯಾಕೆ ಕೂರುವುದೆಂದು ನಾನು ನನ್ನ ಮುದ್ದೆಯ ತಟ್ಟೆಯನ್ನೂ ಅಲ್ಲಿಗೇ ತಂದುಕೊಂಡೆ. ಆ ಕಡೆಯೂ ತಟ್ಟೆಯ ಸದ್ದು ಕೇಳಿಸಿತು. "ಕೆಂಚಿ, ಸಾಹೇಬ್ರ ಸಾರಿಗೆ ಉಪ್ಪಿಲ್ಲ ಅನ್ನು" ಎಂದಳು. ಉಪ್ಪಿನ ಡಬ್ಬಿಯನ್ನು ಹಿತ್ತಿಲಿನಿಂದ ಸುತ್ತಿ ಹೋಗಿ ಕೊಟ್ಟುಬಂದೆ. ಬಾಗಿಲು ತೆಗೆದರೆ ಐದು ದಿನದ ಶ್ರಮ ಹಾಳು.

ಜೂನ್ 18, ಬುಧವಾರ

ಬಟ್ಟಲುಗಳು ಬಾಗಿಲಿಗೆ ಒಂದು ಮೊಳದಲ್ಲಿವೆ. ನಾನೂ ಅವಳೂ ಒಂದೇ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತೇವೆ, ವಯಸ್ಸಾಯಿತು, ಒರಗಲು ಏನಾದರೂ ಬೇಕು.

ಇವತ್ತು ಊಟ ಮುಗಿದ ಮೇಲೂ ಅವಳು ಏಳಲಿಲ್ಲ. ಕೆಂಚಿಗೆ ಹೇಳುತ್ತಿದ್ದಳು. "ಗೋಡೆ ಕೆಡವಿದ ದಿವ್ಸ ನಮ್ಮನೇರು ಉಣ್ಲಿಲ್ಲ ಕಣೇ. ತಾವೇ ಕಟ್ಟಿದ್ದು, ತಾವೇ ಹಾರೆ ಹಾಕಿದ್ರು. ನಮ್ ಬಾವ ಸರ್ವೇರ್ರು, ತಪ್ಪು ಅಳೀತಾರಾ, ನಾನೇ ಎಲ್ಲೋ ದಾರ ತಪ್ಪು ಹಿಡ್ದಿದ್ದೆ ಅಂತ ಸಾಯೋಗಂಟ ಅಂತಿದ್ರು."

ಬರೆಯುವುದಿಲ್ಲ ಅಂದುಕೊಂಡಿದ್ದೆ, ಬರೆಯಬೇಕಾಗಿದೆ. ಹದಿನಾಲ್ಕು ವರ್ಷದ ಹಿಂದೆ ಮದಲೂರಿನಲ್ಲಿ ಇವರ ಪಕ್ಕದ ಮನೆಯ ಸಂಜೀವಯ್ಯ, ಇವರ ಹಿತ್ತಿಲ ಗೋಡೆ ತನ್ನ ಜಾಗಕ್ಕೆ ಬಂದಿದೆ ಎಂದು ತಕರಾರು ತೆಗೆದಿದ್ದ. ಚನ್ನಮಲ್ಲಯ್ಯ, ಅಂದರೆ ನಾನು, ಅಳೆದರೆ ಎರಡು ಕಡೆಯವರೂ ಒಪ್ಪುತ್ತೇವೆ ಎಂದರು. ರಸ್ತೆ ಕಲ್ಲಿನಿಂದ ಹಿತ್ತಿಲ ಗೋಡೆಗೆ ಮೂರು ಸರಪಳಿ ಇರಬೇಕು. ನಾನು ಹಿಡಿದೆ. ಗೋಡೆ ಎರಡು ಅಡಿ ಆಚೆಗಿತ್ತು. ತಂಗಿಯ ಗೋಡೆ ಎಂದು ನೋಡಲಿಲ್ಲ. ಕೆಡವಿ ಎಂದೆ. ಊರಿಗೆ ಊರೇ ಹೊಗಳಿತು, ನನಗೂ ಹೆಮ್ಮೆಯಾಗಿತ್ತು.

ಬಾವ ದಾರ ತಪ್ಪು ಹಿಡಿಯುವ ಮನುಷ್ಯನಲ್ಲ. ಅದು ಈಗ ನೆನಪಾಗುತ್ತಿದೆ.

ಜೂನ್ 19, ಗುರುವಾರ

ಮಕ್ಬೂಲನ ಅಂಗಡಿಯಿಂದ ಟೇಪು ತಂದು ಮನೆ ಅಳೆದೆ. ಮೂವತ್ತಮೂರು ಅಡಿ. ಮನೆ ಬೆಳೆದಿಲ್ಲ. ಟೇಪು ಸರಿಯಿಲ್ಲ ಎಂದು ಅವನಿಗೆ ಹೇಳಿದೆ. ಇನ್ನೊಂದು ಕೊಟ್ಟ. ಅದೂ ಮೂವತ್ತಮೂರು.

ಸಂಜೆ ಅಂಗಳದಲ್ಲಿ ಸರಪಳಿ ಹಾಸಿ ಕೊಂಡಿ ಎಣಿಸಿದೆ.

ನಲವತ್ತೊಂಬತ್ತು.

ಜೂನ್ 20, ಶುಕ್ರವಾರ

ಬರೆಯುವಂಥದ್ದೇನೂ ಇಲ್ಲ. ಮತ್ತೆ ಎಣಿಸಿದೆ. ಬಾಗಿಲ ಊಟಕ್ಕೆ ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಹೋಗಲಿಲ್ಲ. ಶಿರಸ್ತೇದಾರನೂ ಸರಿಯಾಗಿ ತಿನ್ನಲಿಲ್ಲ, ಮರಳಿನ ತಟ್ಟೆಗೆ ಹೋಗಿ ಬರುತ್ತಿದ್ದ. ನಾನು ಅತ್ತ ಗಮನ ಕೊಡಲಿಲ್ಲ.

ಕುಲುಮೆಯಲ್ಲಿ ಬೆಸೆಯುವಾಗ ಮುರಿದ ಕೊಂಡಿಯನ್ನು ಬಿಟ್ಟು ಸೇರಿಸಿದ್ದಾರೆ. ತಿರುಗಿ ಎಣಿಸಬೇಕಿತ್ತು. ಎಣಿಸುವುದು ಹೊಸಬರ ಕೆಲಸ ಎಂದು ಬಿಟ್ಟಿದ್ದೆ. ಒಂದು ಕೊಂಡಿಗೆ ಎಂಟು ಇಂಚು, ಮೂರು ಸರಪಳಿಗೆ ಎರಡು ಅಡಿ. ಗೋಡೆ ಇರಬೇಕಾದ ಕಡೆಯೇ ಇತ್ತು. ಯಾರಿಗೂ ಗೊತ್ತಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ಇದ್ದುಬಿಡಬಹುದು.

ಜೂನ್ 21, ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಶಿರಸ್ತೇದಾರ ಮರಳಿನ ತಟ್ಟೆಯಲ್ಲಿ ಕುಕ್ಕರಿಸಿ ತಿಣುಕುತ್ತಿದ್ದ. ಒಂದು ಹನಿ ಇಲ್ಲ. ಎದ್ದು ಬರುವುದು, ಮತ್ತೆ ಹೋಗಿ ಕೂರುವುದು. ಹೊಟ್ಟೆ ಕಟ್ಟಿದೆ, ನೋವಿದೆ ಎಂದುಕೊಂಡು ಅರ್ಧ ಜ್ವರದ ಮಾತ್ರೆ ಅರೆದು ಹಾಲಿಗೆ ಹಾಕಿದೆ. ಪುಷ್ಪಾವತಿ ಹಿತ್ತಿಲ ಕಡೆಯಿಂದ ಸುತ್ತಿ ಬಂದವಳು ಬಟ್ಟಲನ್ನು ಕಾಲಿನಿಂದ ತಳ್ಳಿ ಚೆಲ್ಲಿದಳು. ಫೋನನ್ನು ನನ್ನ ಕೈಗೆ ತುರುಕಿದಳು. ರಕ್ಷಾ ಡಾಕ್ಟರಿಗೆ ಹೇಳಿದೆ. ಆ ಮಾತ್ರೆಯ ಚೂರು ಸಾಕು ಬೆಕ್ಕು ಸಾಯಲು, ಕೊಟ್ಟಿದ್ದರೆ ತನಗೆ ಫೋನ್ ಮಾಡುವ ಕೆಲಸವೇ ಇರುತ್ತಿರಲಿಲ್ಲ ಎಂದಳು. ಗಂಡು ಬೆಕ್ಕು ಉಚ್ಚೆ ಕಟ್ಟಿದರೆ ಒಂದು ದಿನದಲ್ಲಿ ವಿಷವೇರುತ್ತದೆ. ಬೇರೆ ಬೆಕ್ಕು ಬಂದ ಗಾಬರಿಗೂ, ನೀರು ಕುಡಿಯದೆ ಬರೀ ಒಣ ಕಾಳು ತಿಂದರೂ ಹೀಗಾಗಬಹುದು. ಬೆಕ್ಕಿಗೆ ಹಾಕುವಷ್ಟು ಸಣ್ಣ ನಳಿಕೆ ತನ್ನ ಹತ್ತಿರ ಇಲ್ಲ, ತುಮಕೂರಿಗೆ ಹೊರಡಿ, ಅಲ್ಲಿಗೆ ನಾನು ಹೇಳಿರುತ್ತೇನೆ ಎಂದಳು.

ಮಕ್ಬೂಲ್ ಲಗೇಜ್ ಗಾಡಿಗೆ ಯಾರದೋ ಮದುವೆಯ ಹಾಸಿಗೆ ಹೇರಿಕೊಂಡು ನಿಂತಿದ್ದ. ಇಳಿಸಲು ಹೊತ್ತಿಲ್ಲ, ಹತ್ತಿ ಎಂದ. ಶಿರಸ್ತೇದಾರನನ್ನು ಕೆಂಚಿಯ ಬುಟ್ಟಿಯಲ್ಲಿಟ್ಟು ಹಿಂದೆ ಹಾಸಿಗೆಗಳ ಮೇಲೆ ಹತ್ತಿದೆ. ಹತ್ತಿ ನೋಡಿದರೆ ಪುಷ್ಪಾವತಿ ಕಪ್ಪು ಕನ್ನಡಕ ಹಾಕಿ, ತಲೆಗೆ ಟವೆಲ್ ಸುತ್ತಿಕೊಂಡು ಮೊದಲೇ ಕೂತಿದ್ದಳು. ಧೂಳಿಗೆ ಬರಬೇಡ ಎಂದು ಯಾರ ಮೂಲಕ ಹೇಳುವುದು? ಬೆಕ್ಕು ಮಾತಾಡುವ ಸ್ಥಿತಿಯಲ್ಲಿಲ್ಲ. ಬುಟ್ಟಿ ಅವಳ ತೊಡೆಯ ಮೇಲಿತ್ತು. ಹೆದ್ದಾರಿಯಲ್ಲಿ ಹಾಸಿಗೆಯ ಮೇಲೆ ಕೂತು ಹೋಗುವ ನಮ್ಮಿಬ್ಬರನ್ನು ಬಸ್ಸಿನವರೆಲ್ಲ ಕಿಟಕಿಯಿಂದ ನೋಡಿದರು.

ಸೀಬಿ ದಾಟಿದ ಮೇಲೆ ಶಿರಸ್ತೇದಾರ ಕೂಗುವುದನ್ನು ನಿಲ್ಲಿಸಿದ. ನನಗೆ ತುಂಬ ಭಯವಾಯಿತು. ಈ ಬೆಕ್ಕು ಸತ್ತರೆ, ಹೇಳಬೇಕಾದ್ದನ್ನು ನಾನು ಮುಂದೆಂದೂ ಹೇಳುವುದಿಲ್ಲ ಅನ್ನಿಸಿತು. ಯಾಕೆ ಹಾಗನ್ನಿಸಿತೋ. ಬುಟ್ಟಿಯ ಮೇಲೆ ಬಾಗಿದೆ.

"ಶಿರಸ್ತೇದಾರ, ಅವಳಿಗೆ ಹೇಳಪ್ಪ. ಮದಲೂರಲ್ಲಿ ಹಿಡಿದ ಸರಪಳಿ ಒಂದು ಕೊಂಡಿ ಕಮ್ಮಿ ಇತ್ತು. ಬಾವ ಕಟ್ಟಿದ ಗೋಡೆ ಸರಿಯಾಗಿತ್ತು. ತಪ್ಪು ನಂದು."

ಗಾಡಿಯ ಸದ್ದಿಗೆ ಕೇಳಿಸಿತೋ ಇಲ್ಲವೋ ಎಂದುಕೊಂಡೆ. ಅವಳ ಮುಖ ಕನ್ನಡಕದ ಹಿಂದಿತ್ತು. ಆಮೇಲೆ ಅವಳೂ ಬುಟ್ಟಿಗೆ ಬಾಗಿದಳು.

"ಲೇ ಶಿರಸ್ತೇದಾರ, ನೀನು ಮೊದ್ಲು ಉಚ್ಚೆ ಹುಯ್ಯಿ. ಮಿಕ್ಕಿದ್ದು ಆಮ್ಯಾಲೆ ನೋಡನ."

ತುಮಕೂರಿನಲ್ಲಿ ನಳಿಕೆ ಹಾಕಿದರು. ಹುಯ್ದ. ನಾನು ಅಲ್ಲೇ ಬೆಂಚಿನ ಮೇಲೆ ಅತ್ತುಬಿಟ್ಟೆ. ಮಕ್ಬೂಲ್ ಯಾರಿಗೋ ಫೋನಿನಲ್ಲಿ, "ಮೂತ್ರ ಆಯ್ತಂತೆ, ಹಾಸಿಗೆ ಸ್ವಲ್ಪ ಲೇಟು" ಎನ್ನುತ್ತಿದ್ದ. ಮದುವೆ ಮನೆಯವರು ಏನು ತಿಳಿದರೋ.

ಜೂನ್ 25, ಬುಧವಾರ

ನಿನ್ನೆ ಶಿರಸ್ತೇದಾರ ಮನೆಗೆ ಬಂದ. ಸೊಂಟದ ಹತ್ತಿರ ಕೂದಲು ಬೋಳಿಸಿದ್ದಾರೆ, ಮೈಯೆಲ್ಲ ಆಸ್ಪತ್ರೆ ವಾಸನೆ. ಬಾಗಿಲ ಸಂದಿಯಲ್ಲಿ ಮೂಸಿದ ಕೆಂಚಿ, ಇವನು ಯಾರೋ ಬೇರೆಯವನೆಂದು ಬುಸುಗುಟ್ಟಿದಳು. ರಕ್ಷಾ ಡಾಕ್ಟರಿಗೆ ಕೇಳಿದರೆ, ಮತ್ತೆ ಮೊದಲಿನಿಂದ ಎಂದಳು. ಬಟ್ಟಲುಗಳನ್ನು ದೂರಕ್ಕೆ ಸರಿಸಿದ್ದೇನೆ. ಬೇಸರವಾಗಬೇಕಿತ್ತು, ಆಗಲಿಲ್ಲ. ಬಾಗಿಲ ಊಟ ಇನ್ನಷ್ಟು ದಿನ ಇದೆ ಎಂದಾಯಿತು.

ಈಗ ಅವನಿಗೆ ಒಣ ಕಾಳು ಕೂಡದು. ನೀರು ನೀರಾಗಿ ಬೇಯಿಸಿದ ಕೋಳಿಯೇ ಆಗಬೇಕು, ಉಪ್ಪು ಖಾರ ಇಲ್ಲದೆ. ಗೋಡೆಯಾಚೆ ನಿಂತ ಮಕ್ಬೂಲನಿಗೆ ವಿಷಯ ಹೇಳಿದೆ. ಅವನು ಸ್ವಲ್ಪ ಹೊತ್ತು ಕಾಲಿನಿಂದ ಮಣ್ಣು ಕೆದಕಿದ. "ಸಾರ್, ಒಂದ್ ಮಾತು, ಬೇಜಾರ್ ಮಾಡ್ಕೋಬಾರ್ದು. ನಿಮ್ ಶಿರಸ್ತೇದಾರ್ ನಾಕು ವರ್ಷದಿಂದ ನಮ್ ಮನೇಲಿ ಊಟ ಮಾಡ್ತಾನೆ. ಅಲ್ಲಿ ಅವ್ನ ಹೆಸ್ರು ನವಾಬ್."

ಕಮಲಾಕ್ಷಮ್ಮನಿಗೆ ಫೋನಿನಲ್ಲಿ ತಿಳಿಸಿದೆ. ನಂಗೊತ್ತು ಎಂದಳು. ಈ ಮನೆಯಲ್ಲಿ ನನಗೊಬ್ಬನಿಗೇ ಏನೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಜೂನ್ 29, ಭಾನುವಾರ

ದಿನಕ್ಕೆ ಎರಡು ಸಲ ಸ್ಟೀಲ್ ಡಬ್ಬಿ ಹಿಡಿದು ಮಕ್ಬೂಲನ ಮನೆಗೆ ಹೋಗುತ್ತೇನೆ. ಅವನ ಹೆಂಡತಿ ಗುಲ್ಷನ್ ಬೇಯಿಸಿ ಆರಿಸಿ ಇಟ್ಟಿರುತ್ತಾಳೆ. ಮೊದಲ ದಿನ ಡಬ್ಬಿಯನ್ನು ದೂರಕ್ಕೆ ಹಿಡಿದು ತಂದೆ. ಇವತ್ತು ಸಾಲದೇ ಬಂತೇನೋ ಎಂದು ಮುಚ್ಚಳ ತೆಗೆದು ನೋಡಿದೆ. ಮಠದ ಕಡೆಯ ಚಿಕ್ಕಪ್ಪನವರು ಎದುರಿಗೆ ಸಿಕ್ಕಿ, ಡಬ್ಬಿಯಲ್ಲಿ ಏನು ಎಂದರು. ಔಷಧಿ ಎಂದೆ. ಸುಳ್ಳಲ್ಲ.

ಪುಷ್ಪನಿಗೆ ಹನಿ, ಶಿರಸ್ತೇದಾರನಿಗೆ ಮಾತ್ರೆ. ಎರಡಕ್ಕೂ ಒಂದೇ ಪಟ್ಟಿ ಮಾಡಿದ್ದೇನೆ. ಬೆಳಿಗ್ಗೆ ಮರೆತು ಅವಳಿಗೆ ಬಾಯಿ ತೆರೆ ಎಂದೆ. ತೆರೆದಳು.

ಗೋಡೆಯ ಮಾತನ್ನು ಮಾತ್ರ ಅವಳು ಎತ್ತುತ್ತಿಲ್ಲ. ಬೈದರೆ ಬೈಸಿಕೊಳ್ಳಬಹುದು, ಸುಮ್ಮನಿದ್ದರೆ ಏನು ಮಾಡುವುದು?

ಜುಲೈ 3, ಗುರುವಾರ

ಇವತ್ತು ಎತ್ತಿದಳು. ಬಾಗಿಲ ಆ ಕಡೆಯಿಂದ, ತಟ್ಟೆ ಕೆಳಗಿಟ್ಟ ಮೇಲೆ. "ಕೆಂಚಿ, ಗೋಡೆ ಕಲ್ಲೆಲ್ಲ ಅಲ್ಲೇ ಗುಡ್ಡೆ ಬಿದ್ದವೆ. ನಮ್ಮನೇರು ಕೆಡವಿದ್ರು. ಅಳ್ದೋರು ಬಂದು ಕಟ್ಲಿ. ಆಳು ಇಟ್ಟಲ್ಲ, ಕೈಯಾರೆ."

ಅರವತ್ತಾರು ವರ್ಷ ನನಗೆ. ಹಾರೆ ಹಿಡಿದು ಗೊತ್ತಿಲ್ಲ. ಆಗಲಿ ಎಂದು ಶಿರಸ್ತೇದಾರನಿಗೆ ಹೇಳಿದೆ.

ಜುಲೈ 6, ಭಾನುವಾರ

ಮದಲೂರಿಗೆ ಹೋದೆವು. ಸಂಜೀವಯ್ಯನ ಎದುರಿಗೆ ಹೊಸ ಟೇಪು ಹಿಡಿದು ಅಳೆದು, ಊರವರ ಮುಂದೆ ತಪ್ಪೊಪ್ಪಿಕೊಂಡೆ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನು ಎಲೆಅಡಿಕೆ ಮೆಲ್ಲುತ್ತ, "ಅಲ್ಲ ಸ್ವಾಮಿ, ಅವತ್ತು ನಾನು ಕೇಳಿದ್ದೇ ಅರ್ಧ ಅಡಿ. ನೀವು ಎರಡಡಿ ಕೊಟ್ರಿ. ಸರ್ವೇರ್ರು ತಪ್ಪು ಮಾಡ್ತಾರಾ ಅಂತ ಇಸ್ಕಂಡೆ" ಎಂದ.

ಒಪ್ಪಿದ. ಅವನ ಎಮ್ಮೆ ಆ ಎರಡಡಿಯಲ್ಲೇ ಮಲಗುವುದು ರೂಢಿ. ಅದನ್ನು ಒಪ್ಪಿಸಲು ಮಧ್ಯಾಹ್ನವಾಯಿತು.

ಜುಲೈ 9, ಬುಧವಾರ

ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಹಗಲು ಎರಡೂ ಬೆಕ್ಕುಗಳನ್ನು ಗುಲ್ಷನ್ ನೋಡುತ್ತಾಳೆ. ನಾನು ಕಲ್ಲು ಹೊರುತ್ತೇನೆ, ಪುಷ್ಪ ಕಪ್ಪು ಕನ್ನಡಕ ಹಾಕಿ ಕೊಡೆ ಹಿಡಿದು ಹುಣಸೆ ಮರದಡಿ ಕೂತು ನೋಡುತ್ತಾಳೆ. ಇಲ್ಲಿ ಕೆಂಚಿಯೂ ಇಲ್ಲ, ಶಿರಸ್ತೇದಾರನೂ ಇಲ್ಲ, ಆದ್ದರಿಂದ ಮಾತಿಲ್ಲ. ಬೆರಳು ಜಜ್ಜಿದೆ. ಅಕ್ಷರ ಸೊಟ್ಟ.

ಕಲ್ಲುಗಳ ಒಂದು ಮಗ್ಗುಲಿಗೆ ಇನ್ನೂ ಬಾವ ಮೆತ್ತಿದ ಮಣ್ಣು ಅಂಟಿದೆ. ಅದನ್ನು ಕೆರೆಯದೆ ಹಾಗೇ ಇಡುತ್ತಿದ್ದೇನೆ.

ಜುಲೈ 12, ಶನಿವಾರ

ಗೋಡೆ ಮುಗಿಯಿತು. ಟೇಪು ಹಿಡಿದೆ, ಕಲ್ಲಿನಿಂದ ತೊಂಬತ್ತೊಂಬತ್ತು ಅಡಿ, ಸರಿಯಾಗಿ ಮೂರು ಸರಪಳಿ. ಬೆವರು ಒರೆಸಿಕೊಂಡು ನಿಂತೆ. ಪುಷ್ಪ ಎದ್ದು ಬಂದಳು, ಕನ್ನಡಕ ತೆಗೆದಳು. ಒಂದು ತುದಿಯಿಂದ ಇನ್ನೊಂದು ತುದಿಗೆ ಕೈಯಾಡಿಸುತ್ತ ಹೋದಳು. ಆಮೇಲೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದಳು.

"ಅಣ್ಣಯ್ಯ, ಗೋಡೆ ಸೊಟ್ಟ ಐತೆ" ಎಂದಳು. "ಇರ್ಲಿ ಬುಡು."

ನನಗೆ ಸಿಟ್ಟು ಬಂತು. ದಾರ ಕಟ್ಟಿ ನೋಡಿದೆ. ನಡುವೆ ಒಂದೂವರೆ ಇಂಚು ಉಬ್ಬಿದೆ, ನಿಜ. ಅಷ್ಟು ದೂರದಿಂದ ಒಂದೂವರೆ ಇಂಚು ಕಂಡಿತೆಂದರೆ ಆಪರೇಷನ್ನು ಚೆನ್ನಾಗಿಯೇ ಆಗಿದೆ. ಕಣ್ಣಿನ ಡಾಕ್ಟರಿಗೆ ಮರೆಯದೆ ತಿಳಿಸಬೇಕು.

ಜುಲೈ 13, ಭಾನುವಾರ

ಮೈಕೈ ನೋವು. ತಡವಾಗಿ ಎದ್ದೆ. ಪುಷ್ಪ ಕಾಫಿ ಮಾಡಿದ್ದಳು, ಸಕ್ಕರೆ ಕಡಿಮೆ, ಹೇಳಿದೆ, ಹಾಕಿಕೊಟ್ಟಳು. ಊರಿಗೆ ಹೋಗಬಹುದು ಎಂದು ಡಾಕ್ಟರು ಹೇಳಿದ ದಿನ ಮೊನ್ನೆಯೇ ಕಳೆದಿದೆಯಂತೆ. ಪಟ್ಟಿಯಲ್ಲಿ ನೋಡಿಕೊಂಡಿರಲಿಲ್ಲ. ಕಮಲ ಬರುವವರೆಗೂ ಇರುತ್ತಾಳೆ, ಶಿರಸ್ತೇದಾರನ ಮಾತ್ರೆ ಇನ್ನೂ ಇದೆ, ನನ್ನೊಬ್ಬನಿಂದ ಆಗುವುದಿಲ್ಲ.

ಮಧ್ಯಾಹ್ನ ರಕ್ಷಾ ಡಾಕ್ಟರು ಹೇಳಿದಂತೆ ಮೊದಲ ಸಲ ಬಾಗಿಲು ಒಂದು ಗೇಣು ತೆರೆದು ಊಟ ಇಟ್ಟೆವು. ಹೊಸಿಲಿನ ಸುಣ್ಣದ ಗೆರೆ ಇರಲಿಲ್ಲ. ಅವಳು ಗುಡಿಸಿದಳೋ ನಾನೇ ಗುಡಿಸಿದೆನೋ ನೆನಪಿಲ್ಲ. ಇಬ್ಬರೂ ತಮ್ಮ ತಮ್ಮ ತಟ್ಟೆ ಹಿಡಿದು ಕೂತು ನೋಡುತ್ತಿದ್ದೆವು. ಕೆಂಚಿ ತನ್ನ ಬಟ್ಟಲು ಮುಗಿಸಿದಳು. ಮೆಲ್ಲಗೆ ಹೊಸಿಲು ದಾಟಿ ಬಂದು ಶಿರಸ್ತೇದಾರನ ಬಟ್ಟಲಿಗೆ ಬಾಯಿ ಹಾಕಿದಳು. ಅವನು ತಲೆಯೆತ್ತಿ ನೋಡಿದ. ಸ್ವಲ್ಪ ಪಕ್ಕಕ್ಕೆ ಸರಿದು ಮತ್ತೆ ತಿನ್ನತೊಡಗಿದ.

ಒತ್ತುವರಿಯಾಗಿದೆ. ಯಾರಿಂದಲೂ ತಕರಾರು ಬಂದಿಲ್ಲ.